ಹೊಗೆಸೊಪ್ಪೂ ವ್ರತನಿಷ್ಠ ಸಮಾಜಗಳೂ

ಹೊಗೆಸೊಪ್ಪು ನಮ್ಮ ಪ್ರಾಚೀನ ಶಾಸ್ತ್ರಗಳಲ್ಲಿ ಉಕ್ತವಾದ ವಸ್ತುವಲ್ಲ. ಚರಕ ಸುಶ್ರುತರು ಹೇಳಿರುವ ಧೂಮಪಾನವು ಔಷಧದ್ರವ್ಯಗಳಿಂದ ಮಾಡಿದ ವರ್ತಿಯ ಧೂಮವೇ ಹೊರತು ಈ ಎಲೆಯದಲ್ಲ. ಅಮೇರಿಕಾಖಂಡದ ಈ ಗಿಡವನ್ನು ನಮ್ಮ ಪಶ್ಚಿಮ ತೀರಕ್ಕೆ ತಂದವರು ಪೋರ್ಚುಗೀಜರು. ಅಲ್ಲಿಂದ ಅದು ಮೊಗಲರ ಆಸ್ಥಾನವನ್ನು ಹೊಕ್ಕದ್ದು ಕನ್ನಡನಾಡಿನ ಮಾರ್ಗವಾಗಿಯೇ ಎಂಬುದು ನಮಗೆ ತುಸು ಸಂಕೋಚದ ಸಂಗತಿ.

ಅಕ್ಬರನ ದೂತನಾದ ಅಸದ್ ಬೇಗನು ಎರಡನೆಯ ಇಬ್ರಾಹಿಂ ಆದಿಲಶಹನ ವಿಜಾಪುರಕ್ಕೆ ಬಂದಾಗ, ತಾನು ಹಿಂದೆ ಕಂಡರಿಯದ ಈ ಎಲೆಯನ್ನು ಅಲ್ಲಿ ಕಂಡು, 1604-05ರ ಸುಮಾರಿಗೆ ಅದನ್ನು ರತ್ನಖಚಿತವಾದ ಕೊಳವೆಯೊಡನೆ ಬಾದಶಹನಿಗೆ ಒಪ್ಪಿಸಿದನು. ಅಕ್ಬರನು ಕುತೂಹಲದಿಂದ ಸ್ವಲ್ಪ ಸೇದಿದನು. ಗ್ರಂಥಗಳಲ್ಲಿ ಗುಣದೋಷವಿಚಾರವಿಲ್ಲದ ದ್ರವ್ಯವನ್ನು ಸೇವಿಸಲಾಗದೆಂದು ವೈದ್ಯನು ತಡೆದನು. ಆ ವೈದ್ಯನ ಮಾತನ್ನು ಬಾದಶಹನು ಮನ್ನಿಸಿದನು, ಸರದಾರರು ಮನ್ನಿಸಲಿಲ್ಲ. ಮುಂದೆ 1617ರಲ್ಲಿ ಜಹಾಂಗೀರನು ಧೂಮಪಾನವನ್ನೇ ನಿಷೇಧಿಸಿದನು. ಪಾರಸಿಕದ ಶಹಾ ಅಬ್ಬಾಸನೂ ಹಾಗೆಯೇ ಮಾಡಿದ್ದನು. ಆಜ್ಞೆಗಳು ಕಾಗದದಲ್ಲಿ ಉಳಿದುವು. ಬೆಳೆಯು ಹೊಲದಿಂದ ಹೊಲಕ್ಕೆ ಹಬ್ಬಿತು.

ಅರಸರಿಂದಾಗದುದನ್ನು ಸಮಾಜಗಳು ತಕ್ಕಮಟ್ಟಿಗೆ ಸಾಧಿಸಿದುವು. 1699ರಲ್ಲಿ ಗುರು ಗೋವಿಂದಸಿಂಹನು ಸ್ಥಾಪಿಸಿದ ಖಾಲ್ಸಾದಲ್ಲಿ ಹೊಗೆಸೊಪ್ಪಿನ ಸೇವನೆಯು ಮಹಾದೋಷಗಳಲ್ಲೊಂದು. ಮರುಭೂಮಿಯ ಬಿಷ್ಣೋಯಿಗಳ ವೃತ್ತಾಂತವು ಇದಕ್ಕಿಂತಲೂ ವಿಚಾರಾರ್ಹವಾದುದು. ಜಾಂಭೇಶ್ವರನು 1485ರಲ್ಲಿ ಬಿಕಾನೇರ ಸೀಮೆಯಲ್ಲಿ ಈ ಪಂಥವನ್ನು ಸ್ಥಾಪಿಸಿದನು. ಇದರ ಇಪ್ಪತ್ತೊಂಬತ್ತು ನಿಯಮಗಳಲ್ಲಿ ಹಸಿರು ಮರವನ್ನು ಕಡಿಯದಿರುವುದೂ ಹೊಗೆಸೊಪ್ಪನ್ನು ಮುಟ್ಟದಿರುವುದೂ ಸೇರಿವೆ. 1536ರಲ್ಲಿ ದೇಹಬಿಟ್ಟ ಗುರುವಿಗೆ ಈ ಎಲೆಯ ಪರಿಚಯವಿದ್ದಿರಲಾರದು. ಆದುದರಿಂದ ಆ ನಿಯಮವನ್ನು ಅನುಯಾಯಿಗಳೇ ತರುವಾಯ ಕೂಡಿಸಿರಬೇಕು. ಇದರಿಂದ ಪಂಥಕ್ಕೆ ಕುಂದೇನೂ ಇಲ್ಲ. ಹೊಸ ಕೇಡು ಬಂದಾಗ ಹಳೆಯ ವ್ರತವನ್ನು ವಿಸ್ತರಿಸಿಕೊಂಡ ಸಮಾಜವು ಜೀವಂತವಾದ ಸಮಾಜವೇ ಸರಿ.

ಮರವೂ ಹೊಗೆಸೊಪ್ಪೂ ಒಂದೇ ವ್ರತದಲ್ಲಿ ಕೂಡಿದ್ದು ಆಕಸ್ಮಿಕವಾಗಿರಬಹುದು. ಆದರೂ ಅದರಲ್ಲೊಂದು ಔಚಿತ್ಯವುಂಟು. 1730ರಲ್ಲಿ ಜೋಧಪುರದ ಅಭಯಸಿಂಹನ ಜನರು ಸುಣ್ಣದ ಭಟ್ಟಿಗೆ ಸೌದೆಯನ್ನು ಅರಸಿ ಖೇಜಡಲಿ ಗ್ರಾಮಕ್ಕೆ ಬಂದಾಗ, ಅಮೃತಾದೇವಿಯೇ ಮೊದಲಾಗಿ 363 ಮಂದಿ ಬನ್ನಿಯ ಮರಗಳನ್ನು ತಬ್ಬಿ ಪ್ರಾಣಕೊಟ್ಟರೆಂದು ಪ್ರಸಿದ್ಧಿ. ನಮ್ಮ ಹುಣಸೂರು, ಪಿರಿಯಾಪಟ್ಟಣಗಳ ವರ್ಜೀನಿಯಾ ಹೊಗೆಸೊಪ್ಪಿಗೂ ಇಂಥದೇ ಭಟ್ಟಿ ಬೇಕು. ಮಾಗಿದ ಎಲೆಯನ್ನು ಕೋಲುಗಳಿಗೆ ಪೋಣಿಸಿ, ಮುಚ್ಚಿದ ಮನೆಯಲ್ಲಿ ತೂಗಹಾಕಿ, ಹೊರಗಿನ ಒಲೆಯ ಕಾವನ್ನು ತಗಡಿನ ಕೊಳವೆಗಳ ಮೂಲಕ ಹಾಯಿಸಿ ಹಲವು ದಿನಗಳವರೆಗೆ ಹದಗೊಳಿಸುವರು. ಎಲೆಯ ಬಣ್ಣ ತಿರುಗಬೇಕು, ಆಮೇಲೆ ಪತ್ರ ಒಣಗಬೇಕು, ಕಡೆಗೆ ನಡುದಿಂಡು ಒಣಗಬೇಕು. ನಡುವೆ ಬೆಂಕಿ ಕುಂದಿದರೆ ಸರಕು ಕೆಡುವುದು. ಒಂದು ಕಿಲೋ ಒಣ ಎಲೆಗೆ ಹಲವು ಕಿಲೋ ಸೌದೆ ವ್ಯಯವಾಗುವುದು. ಸೇದುವವನು ಎಲ್ಲಿಯೋ, ಮರ ಉರುಳುವುದು ಇಲ್ಲಿ.

ನಾಗಾಲ್ಯಾಂಡಿನ ಕೋಹಿಮಾ ಜಿಲ್ಲೆಯ ಗರಿಫೆಮಾ ಗ್ರಾಮವು 2014ರಲ್ಲಿ ದೇಶದ ಮೊದಲನೆಯ ತಂಬಾಕುಮುಕ್ತ ಗ್ರಾಮವೆಂದು ಘೋಷಿತವಾಯಿತು. ಅಲ್ಲಿ ನಿರ್ಣಯ ಮಾಡಿದವರು ಗ್ರಾಮಸಭೆಯ ಹಿರಿಯರೇ. ಮಾರಾಟವನ್ನೂ ಸೇವನೆಯನ್ನೂ ಬಿಡಿಸುವುದು ಹೀಗೆ ಒಂದು ಊರಿನ ಕೈಯಲ್ಲಿ ಉಂಟು. ಈ ಬೆಳೆಯಿಂದಲೇ ಮಗಳ ಮದುವೆಯನ್ನೂ ಸಾಲದ ಕಂತನ್ನೂ ಸಾಗಿಸುತ್ತಿರುವ ರೈತನ ಊರಿಗೆ ಅಂಥ ವ್ರತವು ಇನ್ನೂ ಕಠಿಣ. ಅವನಿಗೆ ಮೊದಲು ಬೇರೊಂದು ಬೆಳೆಯೂ ಅದಕ್ಕೆ ನೆಚ್ಚಬಹುದಾದ ಬೆಲೆಯೂ ದೊರೆಯಬೇಕು.