ಆಲ್ಫೋರ್‌ನ ಪಶುವೈದ್ಯ ಶಾಲೆಯಲ್ಲಿ ಒಂದು ಅಪರಾಹ್ನ

ಪ್ಯಾರಿಸ್ಸಿಗೆ ಹೋದವರು ಐಫೆಲ್ ಗೋಪುರ ನೋಡಿ ಬರುವುದು ವಾಡಿಕೆ. ಕೆಲವು ವರ್ಷಗಳ ಹಿಂದೆ ಅಲ್ಲಿ ಮಗಳ ಮನೆಯಲ್ಲಿದ್ದಾಗ ನಾನು ಮೆಟ್ರೋದ ಎಂಟನೆಯ ಮಾರ್ಗ ಹಿಡಿದು ನಗರದಂಚಿನ ಮೇಝೋಂ-ಆಲ್ಫೋರ್‌ನಲ್ಲಿ ಇಳಿದೆ. ಅಲ್ಲಿ ನಿಲ್ದಾಣದ ಹೆಸರಿನಲ್ಲೇ ಪಶುವೈದ್ಯ ಶಾಲೆ ಇದೆ!

ಹದಿನೆಂಟನೆಯ ಶತಮಾನದಲ್ಲಿ ಯೂರೋಪಿನ ದನಗಳನ್ನು ಲಕ್ಷಗಟ್ಟಲೆ ಕೊಂದದ್ದು ರಿಂಡರ್‌ಪೆಸ್ಟ್. ನಮ್ಮ ಹಳ್ಳಿಗರ ಬಾಯಲ್ಲಿ ದೊಡ್ಡರೋಗ. ಈ ಮಾರಿಯ ಭೀತಿಯ ನಡುವೆ, ಲಿಯೋನ್ ನಗರದಲ್ಲಿ ಕುದುರೆ ಸವಾರಿ ಕಲಿಸುವ ಶಾಲೆಯ ಮುಖ್ಯಸ್ಥನಾಗಿದ್ದ ಕ್ಲೋದ್ ಬೂರ್ಜಲಾನಿಗೆ 1761ರಲ್ಲಿ ಪಶುವೈದ್ಯ ಶಾಲೆ ತೆರೆಯಲು ರಾಜಾನುಮತಿ ದೊರೆಯಿತು. ಜಗತ್ತಿನ ಮೊದಲನೆಯದೆಂದು ಖ್ಯಾತವಾದ ಶಾಲೆ ಅದು. ಆಲ್ಫೋರ್‌ನದೂ ಆತನೇ ಸ್ಥಾಪಿಸಿದ್ದು. 1766ರಿಂದ ಅದೇ ಆವರಣದಲ್ಲಿದೆ.

ಶಾಲೆಯ ಸಂಗ್ರಹಾಲಯಕ್ಕೆ ಅಂಗರಚನಾ ಶಾಸ್ತ್ರದ ಅಧ್ಯಾಪಕನಾಗಿದ್ದ ಒನೊರೆ ಫ್ರಾಗೊನಾರ್‌ನ ಹೆಸರಿದೆ. ಚರ್ಮ ಸುಲಿದು, ರಕ್ತನಾಳಗಳಿಗೆ ಬಣ್ಣದ ದ್ರವ್ಯ ತುಂಬಿ, ಒಣಗಿಸಿ ಆತ ಸಿದ್ಧಗೊಳಿಸಿದ ನಿಜವಾದ ದೇಹಗಳು ಇಂದಿಗೂ ನಿಂತಿವೆ. ಅವುಗಳಲ್ಲಿ ಕುದುರೆಯೇರಿದ ಸವಾರ ಲೋಕಪ್ರಸಿದ್ಧ. ಇಷ್ಟು ಮಾಡಿದವನನ್ನು 1771ರಲ್ಲಿ ಶಾಲೆಯಿಂದ ಹೊರಗಟ್ಟಿದರು. ಆತನ ಬಹುಪಾಲು ಕೃತಿಗಳೂ ಕಾಲಕ್ರಮದಲ್ಲಿ ನಷ್ಟವಾದವು.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಮಾತ್ರ ಆ ಸವಾರನಲ್ಲ, ಪಕ್ಕದ ಕಪಾಟುಗಳು. ಕುದುರೆಯ ಕರುಳಿನಲ್ಲಿ ಬೆಳೆದ ಕಲ್ಲುಗಳು, ರೋಗದಿಂದ ವಿಕಾರಗೊಂಡ ಮೂಳೆಗಳು, ವಿಕೃತವಾಗಿ ಜನಿಸಿದ ಮರಿಗಳು. ಎಲ್ಲವೂ ಪಾಠ ಹೇಳಲು ಕೂಡಿಟ್ಟವು. ಮೇಷ್ಟ್ರ ಕಣ್ಣಿಗೆ ಬೇರೇನು ತಾನೆ ಕಂಡೀತು!

ನಮ್ಮಲ್ಲಿ? ದೊಡ್ಡರೋಗದ ನಿರ್ಮೂಲನಕ್ಕೆ ಭಾರತ 1954ರಲ್ಲಿ ರಾಷ್ಟ್ರೀಯ ಯೋಜನೆಯನ್ನೇ ಆರಂಭಿಸಿತು. 2011ರಲ್ಲಿ ಆ ರೋಗ ಭೂಮಿಯಿಂದಲೇ ತೊಲಗಿತೆಂದು ಘೋಷಣೆಯಾಯಿತು. ಸಿಡುಬಿನ ನಂತರ ಮನುಷ್ಯ ಹೀಗೆ ಅಳಿಸಿದ್ದು ಇದೊಂದನ್ನೇ. ಹಳ್ಳಿ ಹಳ್ಳಿ ತಿರುಗಿ ದನಗಳಿಗೆ ಲಸಿಕೆ ಚುಚ್ಚಿದವರು ಈಗ ಮುದುಕರು; ಅನೇಕರು ತೀರಿಕೊಂಡಿದ್ದಾರೆ. ನಾನು ಬಲ್ಲ ಒಂದು ಪಶು ಆಸ್ಪತ್ರೆಯ ಹಳೆಯ ರಿಜಿಸ್ಟರುಗಳು ಹೊಸ ಕಟ್ಟಡಕ್ಕೆ ಹೋಗುವಾಗ ರದ್ದಿಗೆ ಸಂದವು.

ನಮ್ಮ ಬೀದಿಯಲ್ಲೊಬ್ಬ ನಿವೃತ್ತ ಪಶುವೈದ್ಯ ಸಹಾಯಕರಿದ್ದಾರೆ. ಅವರ ಕ್ಯಾಂಪಿನ ಡೈರಿಗಳು ಅಟ್ಟದ ಮೇಲಿವೆಯಂತೆ. ಕೇಳಿದಾಗ, ‘ಅದರಲ್ಲೇನಿದೆ ಮೇಷ್ಟ್ರೇ, ಊರ ಹೆಸರು, ದನದ ಲೆಕ್ಕ, ಅಷ್ಟೇ’ ಎಂದು ನಕ್ಕರು. ಆ ಲೆಕ್ಕವೇ ಬೇಕು ಎಂದಿದ್ದೇನೆ. ಭಾನುವಾರ ಮೊಮ್ಮಗನನ್ನು ಅಟ್ಟಕ್ಕೆ ಹತ್ತಿಸುತ್ತಾರಂತೆ.