ಭಾಗ 4: ಕಂಪ್ಯೂಟರ್ ನಿದ್ದೆಗೂ ಒಂದು ಇತಿಹಾಸ ಇದೆ

ಡೆಸ್ಕ್‌ಟಾಪ್ ಸ್ಲೀಪ್‌ನಿಂದ ಎದ್ದಮೇಲೆ ವರ್ಚುವಲ್ ಮಷೀನ್‌ನ ಗಡಿಯಾರ ಹಿಂದೆ ಬಿದ್ದಿದ್ಯಾ? ಇದು ಹಳೇ ಕಥೆ ಕಣ್ರೋ.

1992ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಸೇರಿ ಎಪಿಎಂ ತಂದವು. ಆಗ ನಿದ್ದೆಯ ಯಜಮಾನಿಕೆ ಬಯೋಸ್ ಕೈಲಿತ್ತು. ಏನಾಗ್ತಿದೆ ಅಂತ ಎಷ್ಟೋ ಸಲ ಆಪರೇಟಿಂಗ್ ಸಿಸ್ಟಮ್‌ಗೇ ಗೊತ್ತಾಗ್ತಿರಲಿಲ್ಲ. 1996ರಲ್ಲಿ ತೋಷಿಬಾನೂ ಜೊತೆಗೂಡಿ ಎಸಿಪಿಐ ಬಂತು. ಯಜಮಾನಿಕೆ ಆಪರೇಟಿಂಗ್ ಸಿಸ್ಟಮ್‌ಗೆ ಸಿಕ್ತು.

ಐಬಿಎಂ ಮೇನ್‌ಫ್ರೇಮ್‌ಗಳಲ್ಲಿ 1960ರ ದಶಕದಲ್ಲೇ ಹುಟ್ಟಿದ್ದ ವರ್ಚುವಲ್ ಮಷೀನ್, 1999ರ ವಿಎಂವೇರ್ ವರ್ಕ್‌ಸ್ಟೇಷನ್ ಮೂಲಕ ಪಿಸಿಗಳಲ್ಲೂ ಜನಪ್ರಿಯವಾಯ್ತು. ಜೊತೆಗೆ ಹಳೇ ತಲೆನೋವೂ ಮರಳಿತು: ಹೊರಗಿನ ಸಿಸ್ಟಮ್ ಮಲಗಿದ್ದು ಒಳಗಿನದಕ್ಕೆ ಎಷ್ಟೋ ಸಲ ತಿಳಿಯೋದೇ ಇಲ್ಲ! ಟೈಮ್ ತಪ್ಪಿದ್ರೆ ಲಾಗಿನ್, ವೆಬ್‌ಸೈಟ್ ಸರ್ಟಿಫಿಕೇಟ್ ಎಲ್ಲಾ ಕೈಕೊಡಬಹುದು.

ಅದಕ್ಕೇ ಸ್ಲೀಪ್‌ಗೆ ಮುಂಚೆ ವಿಎಂ ಸೇವ್ ಮಾಡಿ, ಎದ್ದಮೇಲೆ ಟೈಮ್ ಸಿಂಕ್ ನೋಡಿ. ಪ್ರಾಜೆಕ್ಟ್ ಸಬ್ಮಿಷನ್ ಹಿಂದಿನ ರಾತ್ರಿಯಂತೂ ಮರೀಲೇಬೇಡಿ.