ನುರ್ಮಗೊಮೆದೊವ್, ಖಬೀಬ್

1988- . ಸೋಲರಿಯದೆ ನಿವೃತ್ತನಾದ ರಷ್ಯದ ವೃತ್ತಿಪರ ಮಿಶ್ರ ಸಮರಕಲೆಯ ಹೋರಾಟಗಾರ. ಅಲ್ಟಿಮೇಟ್ ಫೈಟಿಂಗ್ ಚಾಂಪಿಯನ್‌ಶಿಪ್ (ಯುಎಫ್‌ಸಿ) ಸಂಸ್ಥೆಯ ಲೈಟ್‌ವೇಟ್ ವಿಭಾಗದ ಮಾಜಿ ಚಾಂಪಿಯನ್. ಜನನ ದಾಗೆಸ್ತಾನದ ಸಿಲ್ದಿ ಗ್ರಾಮದಲ್ಲಿ, ಸೆಪ್ಟೆಂಬರ್ 20ರಂದು. ತಂದೆ ಅಬ್ದುಲ್‌ಮನಾಪ್ ಮೊದಲ ಗುರು; ಅವರಿಂದ ಕುಸ್ತಿ, ಜೂಡೊ ಮತ್ತು ರಷ್ಯದ ಸಮರಕಲೆ ಸಾಂಬೊ ಕಲಿತ. ಕಾಂಬ್ಯಾಟ್ ಸಾಂಬೊದಲ್ಲಿ ಎರಡು ಬಾರಿ ವಿಶ್ವ ಚಾಂಪಿಯನ್. 2008ರಲ್ಲಿ ವೃತ್ತಿಗಿಳಿದು 2012ರಲ್ಲಿ ಯುಎಫ್‌ಸಿ ಸೇರಿದ.

ಎದುರಾಳಿಯನ್ನು ಕಣದ ಸುತ್ತಲಿನ ಬೇಲಿಗೆ ಒತ್ತಿ ಕೆಡವುವುದು, ಅವನ ಕಾಲುಗಳನ್ನು ತನ್ನ ಕಾಲುಗಳಿಂದ ಬಂಧಿಸುವುದು, ಮಣಿಕಟ್ಟನ್ನು ಹಿಡಿದು ಏಳಗೊಡದೆ ಮೇಲಿನಿಂದ ಗುದ್ದುತ್ತ ದಣಿಸುವುದು, ಕೊನೆಗೆ ಕುತ್ತಿಗೆಗೆ ಇಲ್ಲವೆ ತೋಳಿಗೆ ಪಟ್ಟು ಹಾಕುವುದು - ಇದು ಇವನ ಹೋರಾಟದ ಕ್ರಮ. ಮುಂದೇನಾಗುವುದೆಂದು ಬಲ್ಲ ಎದುರಾಳಿಗಳೂ ಇದನ್ನು ತಡೆಯಲಾರದೆ ಹೋದುದೇ ಇವನ ಹಿರಿಮೆ. 2013ರಲ್ಲಿ ಏಬಲ್ ಟ್ರುಹಿಯೊನನ್ನು ಒಂದೇ ಪಂದ್ಯದಲ್ಲಿ 21 ಬಾರಿ ಕೆಡವಿದ್ದು ದಾಖಲೆ.

2018ರ ಏಪ್ರಿಲ್‌ನಲ್ಲಿ ಅಲ್ ಯಾಕಿಂಟನನ್ನು ಸೋಲಿಸಿ ಪ್ರಶಸ್ತಿ ಗೆದ್ದ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಕಾನರ್ ಮೆಕ್‌ಗ್ರೆಗರನನ್ನು ನಾಲ್ಕನೆಯ ಸುತ್ತಿನಲ್ಲಿ ಮಣಿಸಿದ. ಆ ಪಂದ್ಯ ಮುಗಿದೊಡನೆ ಬೇಲಿ ಹಾರಿ ಎದುರಾಳಿಯ ತಂಡದವರ ಮೇಲೆರಗಿದ್ದಕ್ಕೆ ಅಮಾನತು ಮತ್ತು 5,00,000 ಡಾಲರ್ ದಂಡಕ್ಕೆ ಗುರಿಯಾದುದು ಇವನ ವೃತ್ತಿಜೀವನದ ಕಪ್ಪುಚುಕ್ಕೆ. 2019ರಲ್ಲಿ ಡಸ್ಟಿನ್ ಪೊರಿಯೆಯನ್ನು ಅಬುಧಾಬಿಯಲ್ಲಿ ಸೋಲಿಸಿದ. 2020ರ ಜುಲೈನಲ್ಲಿ ತಂದೆ ತೀರಿಕೊಂಡರು. ಅಕ್ಟೋಬರ್ 24ರಂದು ಜಸ್ಟಿನ್ ಗೇಚಿಯನ್ನು ಸೋಲಿಸಿದ ಇವನು, ತಂದೆಯಿಲ್ಲದೆ ಮುಂದೆ ಹೋರಾಡುವುದಿಲ್ಲವೆಂದು ಕಣದಲ್ಲೇ ನಿವೃತ್ತಿ ಘೋಷಿಸಿದ. ಒಟ್ಟು ಸಾಧನೆ 29 ಪಂದ್ಯ, 29 ಗೆಲುವು. 2022ರಲ್ಲಿ ಯುಎಫ್‌ಸಿ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾದ. ಅದೇ ವರ್ಷ ಲೈಟ್‌ವೇಟ್ ಪ್ರಶಸ್ತಿ ಗೆದ್ದ ಇಸ್ಲಾಂ ಮಖಚೇವ್ ಇವನ ಒಡನಾಡಿ, ಇವನಿಂದ ತರಬೇತಿ ಪಡೆದವನು.